ನಾಣ್ಯಗಳ ಛಾಯಾಗ್ರಹಣ

ನಾಣ್ಯಗಳ ಛಾಯಾಗ್ರಹಣ ಎಂದರೆ ನಾಣ್ಯ, ಪದಕ, ಟೋಕನ್ ಮೊದಲಾದ ಚಿಕ್ಕ ಲೋಹದ ವಸ್ತುಗಳನ್ನು ಅವುಗಳ ಮೇಲಿನ ಬರಹ, ಚಿತ್ರ, ಸವೆತ ಮತ್ತು ಬಣ್ಣ ಸ್ಪಷ್ಟವಾಗಿ ಕಾಣುವಂತೆ ಚಿತ್ರೀಕರಿಸುವ ವಿಧಾನ. ಇದು ಸಮೀಪ ಛಾಯಾಗ್ರಹಣದ ಒಂದು ಶಾಖೆ. ನಾಣ್ಯಶಾಸ್ತ್ರದ ಅಧ್ಯಯನ, ವಸ್ತುಸಂಗ್ರಹಾಲಯಗಳ ದಾಖಲೆ, ಹರಾಜಿನ ಪಟ್ಟಿಗಳು ಹಾಗೂ ಖಾಸಗಿ ಸಂಗ್ರಹಗಳಲ್ಲಿ ಇದು ಬಳಕೆಯಲ್ಲಿದೆ. ನಾಣ್ಯವು ಚಿಕ್ಕದು, ಹೊಳೆಯುವಂಥದ್ದು ಮತ್ತು ಅದರ ಉಬ್ಬು ಬಹಳ ಕಡಿಮೆ. ಈ ಮೂರು ಕಾರಣಗಳಿಂದ ಅದರ ಚಿತ್ರ ತೆಗೆಯುವುದು ಮೇಲುನೋಟಕ್ಕೆ ಕಾಣುವಷ್ಟು ಸುಲಭವಲ್ಲ. ಆದರೆ ಒಳ್ಳೆಯ ಚಿತ್ರಕ್ಕೆ ದುಬಾರಿ ಕ್ಯಾಮೆರಾ ಬೇಕೆಂಬ ನಂಬಿಕೆ ಸರಿಯಲ್ಲ. ನಾಣ್ಯದ ಚಿತ್ರದ ಗುಣಮಟ್ಟವನ್ನು ನಿರ್ಧರಿಸುವುದು ಮುಖ್ಯವಾಗಿ ಬೆಳಕಿನ ದಿಕ್ಕು ಮತ್ತು ಕ್ಯಾಮೆರಾದ ಸ್ಥಿರತೆ. ಇವೆರಡನ್ನೂ ಮನೆಯ ಮೇಜಿನ ಮೇಲೆ, ಸಾಮಾನ್ಯ ಮೊಬೈಲ್ ಫೋನಿನಿಂದಲೇ ಸಾಧಿಸಬಹುದು.

ಹಿನ್ನೆಲೆ

ಛಾಯಾಗ್ರಹಣ ಬರುವ ಮುನ್ನ ನಾಣ್ಯಗಳನ್ನು ಕೈಯಿಂದ ಚಿತ್ರಿಸಿ, ಮರ ಅಥವಾ ತಾಮ್ರದ ಫಲಕಗಳಲ್ಲಿ ಕೆತ್ತಿ ಮುದ್ರಿಸುತ್ತಿದ್ದರು. ಲಿಪಿ ತಿಳಿಯದ ಚಿತ್ರಕಾರನ ಕೈಯಲ್ಲಿ ಅಕ್ಷರಗಳು ಅಲಂಕಾರದ ಗೆರೆಗಳಾಗಿಬಿಡುವ ಅಪಾಯ ಈ ಪದ್ಧತಿಯಲ್ಲಿತ್ತು. ಛಾಯಾಗ್ರಹಣ ಬಂದ ಮೇಲೂ ವಿದ್ವಾಂಸರು ಬಹುಕಾಲ ನೇರವಾಗಿ ನಾಣ್ಯದ ಚಿತ್ರ ತೆಗೆಯಲಿಲ್ಲ. ನಾಣ್ಯದಿಂದ ಜಿಪ್ಸಮ್ ಗಾರೆಯ ಅಚ್ಚು ತೆಗೆದು, ಆ ಬಿಳಿಯ ಅಚ್ಚನ್ನು ಚಿತ್ರೀಕರಿಸುತ್ತಿದ್ದರು. ಗಾರೆಗೆ ಹೊಳಪಿಲ್ಲ, ಕಲೆಯಿಲ್ಲ. ಉಬ್ಬುತಗ್ಗುಗಳು ಮಾತ್ರ ನೆರಳಿನಲ್ಲಿ ಕಾಣುತ್ತವೆ. ಲೋಹದ ಹೊಳಪು ಈ ಕೆಲಸದಲ್ಲಿ ಎಷ್ಟು ದೊಡ್ಡ ತೊಡಕು ಎಂಬುದಕ್ಕೆ ಈ ಪದ್ಧತಿಯೇ ಸಾಕ್ಷಿ. ದಕ್ಷಿಣ ಭಾರತದ ನಾಣ್ಯಗಳ ಬಗೆಗಿನ ಆರಂಭಿಕ ಗ್ರಂಥಗಳಲ್ಲೊಂದು ಸರ್ ವಾಲ್ಟರ್ ಎಲಿಯಟ್ 1886ರಲ್ಲಿ ಪ್ರಕಟಿಸಿದ ‘ಕಾಯಿನ್ಸ್ ಆಫ್ ಸದರ್ನ್ ಇಂಡಿಯಾ’. 1824ರ ಕಿತ್ತೂರಿನ ಬಂಡಾಯದಲ್ಲಿ ಸೆರೆ ಸಿಕ್ಕಿದ್ದ ಎಲಿಯಟ್ ಇವರೇ. ಅವರ ಗ್ರಂಥಕ್ಕೆ ಸೇರಿಸಿದ ಚಿತ್ರಫಲಕಗಳನ್ನು ಇಂದಿಗೂ ಸಂಶೋಧಕರು ನೋಡುತ್ತಾರೆ.

ಇಂದು ಈ ಕೆಲಸ ಯಾರ ಕೈಗಾದರೂ ಎಟಕುತ್ತದೆ. ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ, ದೇವರ ಕೋಣೆಯ ಡಬ್ಬಿಗಳಲ್ಲಿ ಹಳೆಯ ನಾಣ್ಯಗಳು ಉಳಿದಿರುವುದು ಸಾಮಾನ್ಯ. ವಿಕ್ಟೋರಿಯಾ ರಾಣಿಯ ಕಾಲದ ಬೆಳ್ಳಿಯ ರೂಪಾಯಿಗಳು ಕರಗಿ ಕಾಲ್ಗೆಜ್ಜೆಯೋ ಕುಂಕುಮದ ಭರಣಿಯೋ ಆಗಿಹೋದದ್ದೂ ಅಷ್ಟೇ ಸಾಮಾನ್ಯ. ಮಾರಾಟವಾದ, ಕರಗಿದ ಅಥವಾ ಕಳೆದ ನಾಣ್ಯದ ಕುರಿತು ಉಳಿಯುವ ಏಕೈಕ ಸಾಕ್ಷ್ಯ ಹಲವೊಮ್ಮೆ ಅದರ ಚಿತ್ರವೇ ಆಗಿರುತ್ತದೆ. ಆದುದರಿಂದ ಚಿತ್ರವು ಅಂದವಾಗಿರುವುದಕ್ಕಿಂತ ಓದಲು ಬರುವಂತಿರುವುದು ಮುಖ್ಯ.

ಬೆಳಕಿನ ವರ್ತನೆ

ಪತನ ಕೋನವು ಪ್ರತಿಫಲನ ಕೋನಕ್ಕೆ ಸಮ ಎಂಬ ಶಾಲೆಯ ಪಾಠವೇ ನಾಣ್ಯ ಛಾಯಾಗ್ರಹಣದ ತಳಹದಿ. ನಾಣ್ಯದ ಬಯಲು ಭಾಗ ಒಂದು ಚಿಕ್ಕ ಕನ್ನಡಿಯಂತೆ ವರ್ತಿಸುತ್ತದೆ. ಕ್ಯಾಮೆರಾ ನೇರವಾಗಿ ಮೇಲಿದ್ದು ಬೆಳಕು ಪಕ್ಕದಿಂದ ಬಂದರೆ, ಬಯಲು ಭಾಗದ ಮೇಲೆ ಬಿದ್ದ ಕಿರಣಗಳು ಎದುರು ಪಕ್ಕಕ್ಕೆ ಹೋಗುತ್ತವೆ, ಕ್ಯಾಮೆರಾಕ್ಕೆ ಬರುವುದಿಲ್ಲ. ಆ ಭಾಗ ಕಪ್ಪಾಗಿ ಕಾಣುತ್ತದೆ. ಅಕ್ಷರಗಳ ಇಳಿಜಾರು ಅಂಚುಗಳು ಮಾತ್ರ ಬೆಳಕನ್ನು ಮೇಲಕ್ಕೆ ತಿರುಗಿಸಿ ಹೊಳೆಯುತ್ತವೆ. ಬೆಳಕು ಬಹುಮಟ್ಟಿಗೆ ಮೇಲಿನಿಂದಲೇ ಬಂದರೆ ಇದಕ್ಕೆ ವಿರುದ್ಧವಾದ ಚಿತ್ರ ಮೂಡುತ್ತದೆ: ಬಯಲು ಬೆಳ್ಳಗೆ, ಅಂಚುಗಳು ಕಪ್ಪಗೆ. ಕ್ಯಾಮೆರಾದ ಸ್ವಂತ ಫ್ಲ್ಯಾಷ್ ಬಳಸಿದಾಗ ನಾಣ್ಯದ ನಡುವೆ ಒಂದು ಬಿಳಿಯ ಚುಕ್ಕೆ ಉಳಿದು ಮಿಕ್ಕೆಲ್ಲವೂ ಚಪ್ಪಟೆಯಾಗುವುದಕ್ಕೆ ಕಾರಣ ಇದೇ. ಫ್ಲ್ಯಾಷನ್ನು ಮೊದಲು ಆರಿಸಬೇಕು.

ಎರಡನೆಯ ವಿಷಯ ಕಣ್ಣಿಗೆ ಸಂಬಂಧಿಸಿದ್ದು. ಬೆಳಕು ಮೇಲಿನಿಂದ ಬರುತ್ತದೆ ಎಂದೇ ಮನುಷ್ಯನ ದೃಷ್ಟಿ ಊಹಿಸುತ್ತದೆ. ಆದ್ದರಿಂದ ಚಿತ್ರದ ಕೆಳಭಾಗದಿಂದ ಬೆಳಕು ಬಿದ್ದರೆ ಉಬ್ಬಿದ ಮುಖ ಒಳಕ್ಕೆ ತಗ್ಗಿದಂತೆ, ಅಕ್ಷರಗಳು ಕೊರೆದಂತೆ ಕಾಣುತ್ತವೆ. ನಾಣ್ಯವನ್ನು ಗಡಿಯಾರದ ಮುಖವೆಂದು ಭಾವಿಸಿದರೆ ದೀಪವು 10 ಗಂಟೆಯಿಂದ 2 ಗಂಟೆಯವರೆಗಿನ ಭಾಗದಲ್ಲಿರಬೇಕು. ಎರಡು ದೀಪಗಳಿದ್ದರೆ 10 ಮತ್ತು 2ರಲ್ಲಿ ಒಂದೊಂದನ್ನು ಇಡುವುದು ರೂಢಿ. ಎರಡೂ ಸಮಬಲದಲ್ಲಿದ್ದರೆ ನೆರಳು ಅಳಿಸಿಹೋಗುವುದುಂಟು. ಹಾಗಾಗಿ ಒಂದನ್ನು ತುಸು ದೂರವಿಡುವುದು ಲೇಸು.

ಮೂರನೆಯದು ಬೆಳಕಿನ ಮೃದುತ್ವ. ಬೆತ್ತಲೆ ಬಲ್ಬಿನ ಬೆಳಕು ಸವೆದ, ಮಂಕಾದ ನಾಣ್ಯಕ್ಕೆ ಒಪ್ಪುತ್ತದೆ. ಹೊಸ ನಾಣ್ಯದ ಮೇಲೆ ಅದು ಕಣ್ಣು ಕುಕ್ಕುವ ಕಲೆಗಳನ್ನು ಹುಟ್ಟಿಸುತ್ತದೆ. ದೀಪ ಮತ್ತು ನಾಣ್ಯದ ನಡುವೆ ಟ್ರೇಸಿಂಗ್ ಕಾಗದ ಅಥವಾ ಅಡುಗೆಮನೆಯ ಬಟರ್ ಪೇಪರ್ ಹಿಡಿದರೆ ಬೆಳಕು ಹರಡಿ ಮೃದುವಾಗುತ್ತದೆ. ಆದರೆ ಸುತ್ತಲೂ ಬಿಳಿ ಕಾಗದ ಕಟ್ಟಿ ಬೆಳಕನ್ನು ಪೂರ್ತಿ ಸಮಗೊಳಿಸಿದರೆ ನೆರಳೇ ಇಲ್ಲದೆ ಉಬ್ಬು ಮಾಯವಾಗುತ್ತದೆ. ಹೊಸಬರ ಚಿತ್ರಗಳು ಸಪ್ಪೆಯಾಗುವುದು ಕತ್ತಲೆಯಿಂದಲ್ಲ, ಹೆಚ್ಚಿನ ವೇಳೆ ಈ ಅತಿ ಸಮತೆಯಿಂದ.

ಕಿಟಕಿಯ ಬೆಳಕು

ದೀಪಗಳಿಲ್ಲದವರಿಗೆ ಕಿಟಕಿ ಸಾಕು. ಮೋಡ ಕವಿದ ಹಗಲು, ಅದರಲ್ಲೂ ಮಳೆಗಾಲದ ಬೆಳಗು, ಈ ಕೆಲಸಕ್ಕೆ ಬಹಳ ಅನುಕೂಲ. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲವೆಂದು ಯೂರೋಪಿನ ಪುಸ್ತಕಗಳು ಅದನ್ನೇ ಸೂಚಿಸುತ್ತವೆ. ಕರ್ನಾಟಕದಂತಹ ಉಷ್ಣವಲಯದ ಪ್ರದೇಶಗಳಲ್ಲಿ ಈ ಮಾತು ವರ್ಷವಿಡೀ ನಡೆಯದು. ಬೇಸಿಗೆಯ ಕೊನೆ ಮತ್ತು ಮಳೆಗಾಲದ ಆರಂಭದ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯನೂ ನಡುನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಕಿಟಕಿ ಯಾವ ದಿಕ್ಕಿನದೇ ಆಗಿರಲಿ, ನೇರ ಬಿಸಿಲು ತಪ್ಪಿಸಿ, ನಾಣ್ಯದ ತಲೆಯ ಭಾಗ ಕಿಟಕಿಯ ಕಡೆಗಿರುವಂತೆ ಇಟ್ಟರೆ ಸಾಕು. ಎದುರು ಬದಿಯಲ್ಲಿ ಬಿಳಿಯ ರಟ್ಟೊಂದನ್ನು ನಿಲ್ಲಿಸಿದರೆ ನೆರಳುಗಳು ತಿಳಿಯಾಗುತ್ತವೆ.

ಗಾಜಿನ ವಿಧಾನ

ಕನ್ನಡಿಯಂತೆ ಹೊಳೆಯುವ ಹೊಸ ನಾಣ್ಯಗಳಿಗೂ, ತೀರಾ ಕಡಿಮೆ ಉಬ್ಬಿನವುಗಳಿಗೂ ಅಕ್ಷೀಯ ಬೆಳಕು ಎಂಬ ವಿಧಾನವಿದೆ. ಕ್ಯಾಮೆರಾ ಮತ್ತು ನಾಣ್ಯದ ನಡುವೆ ತೆಳುವಾದ, ಶುಭ್ರವಾದ ಗಾಜಿನ ಹಾಳೆಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಬೇಕು. ಹಳೆಯ ಚಿತ್ರಪಟದ ಚೌಕಟ್ಟಿನ ಗಾಜು ಇದಕ್ಕೆ ಸಾಕು. ಪಕ್ಕದಿಂದ ಬಂದ ಬೆಳಕು ಗಾಜಿಗೆ ತಾಗಿ ನೇರವಾಗಿ ಕೆಳಗೆ ನಾಣ್ಯದ ಮೇಲೆ ಬೀಳುತ್ತದೆ. ನಾಣ್ಯದಿಂದ ಮರಳಿದ ಬೆಳಕು ಗಾಜನ್ನು ದಾಟಿ ಕ್ಯಾಮೆರಾವನ್ನು ಸೇರುತ್ತದೆ. ದೀಪದ ಬೆಳಕು ನೇರವಾಗಿ ನಾಣ್ಯಕ್ಕೆ ಬೀಳದಂತೆ ನಡುವೆ ಒಂದು ಚಿಕ್ಕ ರಟ್ಟನ್ನು ಅಡ್ಡವಿಡಬೇಕು. ಗಾಜಿನ ಆಚೆಬದಿಯಲ್ಲಿ ಕಪ್ಪು ಬಟ್ಟೆ ಇಳಿಬಿಡಬೇಕು, ಇಲ್ಲವಾದರೆ ಗೋಡೆಯ ಪ್ರತಿಬಿಂಬವೂ ಚಿತ್ರದಲ್ಲಿ ಸೇರಿಕೊಳ್ಳುತ್ತದೆ. ಬೆಳಕಿನ ಬಹುಪಾಲು ಗಾಜನ್ನು ದಾಟಿ ವ್ಯರ್ಥವಾಗುವುದರಿಂದ ಎಕ್ಸ್‌ಪೋಷರ್ ಸಮಯವನ್ನು ಹೆಚ್ಚಿಸಬೇಕಾಗುತ್ತದೆ. ಸವೆದ ತಾಮ್ರದ ಕಾಸುಗಳಿಗೆ ಈ ವಿಧಾನ ಬೇಡ.

ಸವೆದ ಬರಹವನ್ನು ಓದುವುದು

ಕೈಯಲ್ಲಿ ಹಿಡಿದು ಓರೆಮಾಡಿದಾಗ ಮಾತ್ರ ಅಕ್ಷರ ಹೊಳೆದು ಮರೆಯಾಗುವಷ್ಟು ಸವೆದ ನಾಣ್ಯಗಳಿರುತ್ತವೆ. ಮೂರನೆಯ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’ಗಳಲ್ಲಿ ಕನ್ನಡದ ಬರಹವಿದೆ, ಆದರೆ ಚಲಾವಣೆಯಲ್ಲಿ ಉಜ್ಜಿಹೋದ ಪ್ರತಿಗಳಲ್ಲಿ ಒಂದೆರಡು ಅಕ್ಷರಗಳ ಗೆರೆಗಳಷ್ಟೇ ಉಳಿದಿರುತ್ತವೆ. ಇಂಥವಕ್ಕೆ ಒಂದೇ ಚಿತ್ರ ಸಾಲದು. ಕ್ಯಾಮೆರಾ ಮತ್ತು ನಾಣ್ಯ ಎರಡನ್ನೂ ಅಲುಗಿಸದೆ, ಒಂದೇ ದೀಪವನ್ನು ಮೇಜಿನ ಮಟ್ಟಕ್ಕೆ ಹತ್ತಿರವಾಗುವಂತೆ ತಗ್ಗಿಸಿ, ನಾಣ್ಯದ ಸುತ್ತ ಎಂಟು ಕಡೆಗಳಲ್ಲಿ ಇಟ್ಟು ಎಂಟು ಚಿತ್ರಗಳನ್ನು ತೆಗೆಯಬೇಕು. ಅಡ್ಡಗೆರೆಗಳು ಒಂದು ಚಿತ್ರದಲ್ಲಿ, ಲಂಬ ಗೆರೆಗಳು ಇನ್ನೊಂದರಲ್ಲಿ ಎದ್ದು ಕಾಣುತ್ತವೆ. ಒಂದಾದ ಮೇಲೊಂದರಂತೆ ಪರದೆಯ ಮೇಲೆ ಓಡಿಸಿ ನೋಡಿದಾಗ ಅಕ್ಷರ ಕೂಡಿಬರುತ್ತದೆ. ಇಲ್ಲಿ ಕೆಳಗಿನಿಂದ ಬಂದ ಬೆಳಕೂ ನಿಷಿದ್ಧವಲ್ಲ, ಏಕೆಂದರೆ ಉದ್ದೇಶ ಓದುವುದು. ಇದೇ ತತ್ವದ ಮುಂದುವರಿದ ರೂಪವಾಗಿ, ಹಲವು ದಿಕ್ಕಿನ ಬೆಳಕಿನ ಚಿತ್ರಗಳನ್ನು ಗಣಕದಲ್ಲಿ ಬೆಸೆಯುವ ತಂತ್ರವನ್ನು ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಶಾಸನ ಮತ್ತು ನಾಣ್ಯಗಳ ಅಧ್ಯಯನದಲ್ಲಿ ಅದು ಈಗ ಬಳಕೆಯಲ್ಲಿದೆ.

ಕ್ಯಾಮೆರಾ ಮತ್ತು ಮೊಬೈಲ್

ಮಸೂರ ಬದಲಿಸಬಹುದಾದ ಕ್ಯಾಮೆರಾ ಇದ್ದವರಿಗೆ 60ರಿಂದ 105 ಮಿ.ಮೀ. ನಾಭಿದೂರದ ಮ್ಯಾಕ್ರೋ ಮಸೂರ ಅನುಕೂಲ. ಅದಿಲ್ಲವಾದರೆ ಸಾಮಾನ್ಯ ಮಸೂರದ ಹಿಂದೆ ಎಕ್ಸ್‌ಟೆನ್ಷನ್ ಟ್ಯೂಬ್ ಜೋಡಿಸಬಹುದು. 36×24 ಮಿ.ಮೀ. ಸಂವೇದಕದಲ್ಲಿ ನಾಣ್ಯವನ್ನು ಅದರ ನಿಜ ಗಾತ್ರದಲ್ಲೇ ಮೂಡಿಸಿದರೆ 27 ಮಿ.ಮೀ. ವ್ಯಾಸದ ಹತ್ತು ರೂಪಾಯಿ ನಾಣ್ಯ ಚೌಕಟ್ಟಿನಲ್ಲಿ ಹಿಡಿಸುವುದೇ ಇಲ್ಲ. ಒಂದನೆಯ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ, ಒಂದು ಸೆಂಟಿಮೀಟರಿಗೂ ಕಿರಿದಾದ ಕಂಠೀರಾಯ ಹಣವಾದರೋ ಅದೇ ಚೌಕಟ್ಟಿನಲ್ಲಿ ಬೇಳೆಕಾಳಿನಂತೆ ಕಾಣುತ್ತದೆ. ಆದ್ದರಿಂದ ಎಷ್ಟು ಹಿಗ್ಗಿಸಬೇಕೆಂಬುದನ್ನು ನಾಣ್ಯವೇ ಹೇಳಬೇಕು.

ಹಿಗ್ಗಿಸಿದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕುಗ್ಗುತ್ತದೆ. ನಿಜ ಗಾತ್ರದಲ್ಲಿ, ಅಪರ್ಚರ್ ಎಫ್/8 ಇದ್ದಾಗ ಅದು ಸುಮಾರು ಒಂದು ಮಿಲಿಮೀಟರ್ ಮಾತ್ರ. ಅಪರ್ಚರನ್ನು ಎಫ್/22ರವರೆಗೆ ಕಿರಿದಾಗಿಸಿದರೆ ಆಳ ಹೆಚ್ಚಿದರೂ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರ ಮಸುಕಾಗುತ್ತದೆ. ಎಫ್/8ರಿಂದ ಎಫ್/11ರ ನಡುವೆ ನಿಲ್ಲುವುದು ಸಾಮಾನ್ಯ ನಾಣ್ಯಗಳಿಗೆ ಸಾಕಾಗುತ್ತದೆ. ಬಟ್ಟಲಿನಂತೆ ಒಳಬಾಗಿದ ಪದ್ಮಟಂಕಗಳಂತಹ ಚಿನ್ನದ ನಾಣ್ಯಗಳಿಗೆ ಮಾತ್ರ ಬೇರೆ ಬೇರೆ ಆಳದಲ್ಲಿ ಫೋಕಸ್ ಮಾಡಿದ ಹಲವು ಚಿತ್ರಗಳನ್ನು ತಂತ್ರಾಂಶದಲ್ಲಿ ಕೂಡಿಸಬೇಕಾಗುತ್ತದೆ.

ಮೊಬೈಲ್ ಬಳಸುವವರು ನಾಣ್ಯಕ್ಕೆ ತೀರಾ ಸಮೀಪ ಹೋಗುವುದೇ ದೊಡ್ಡ ತೊಂದರೆ. ಹತ್ತಿರವಾದಂತೆ ಫೋಕಸ್ ತಪ್ಪುತ್ತದೆ, ಫೋನಿನ ನೆರಳು ನಾಣ್ಯದ ಮೇಲೆ ಬೀಳುತ್ತದೆ. ಅನೇಕ ಫೋನುಗಳ ಮ್ಯಾಕ್ರೋ ಸೌಲಭ್ಯವು ಅತಿ ವಿಶಾಲ ಕೋನದ ಮಸೂರವನ್ನೇ ಬಳಸುವುದರಿಂದ ಅಂಚಿನ ಕಡೆಗೆ ಆಕಾರ ಹಿಗ್ಗುವುದೂ ಉಂಟು. ಫೋನನ್ನು 12–15 ಸೆಂ.ಮೀ. ಮೇಲಿರಿಸಿ, ಮುಖ್ಯ ಕ್ಯಾಮೆರಾದಲ್ಲಿ ಎರಡು ಪಟ್ಟು ಜೂಮ್ ಮಾಡಿ, ಬಳಿಕ ಚಿತ್ರವನ್ನು ಕತ್ತರಿಸಿಕೊಳ್ಳುವುದು ಮೇಲು. ಪರದೆಯ ಮೇಲೆ ನಾಣ್ಯವನ್ನು ಬೆರಳಿನಿಂದ ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ ಮತ್ತು ಬೆಳಕಿನ ಅಳತೆ ಸ್ಥಿರವಾಗುತ್ತವೆ.

ಮುಂಬದಿಯ ಸೆಲ್ಫಿ ಕ್ಯಾಮೆರಾ ಬಳಸಬಾರದು. ಕೆಲವು ಫೋನುಗಳಲ್ಲಿ ಅದು ಕನ್ನಡಿಯ ಬಿಂಬವನ್ನೇ ಉಳಿಸುತ್ತದೆ. ಟಿಪ್ಪು ಸುಲ್ತಾನನ ತಾಮ್ರದ ನಾಣ್ಯಗಳಲ್ಲಿ ಆನೆ ಎಡಕ್ಕೆ ನೋಡುತ್ತಿದೆಯೋ ಬಲಕ್ಕೋ ಎಂಬುದು ವರ್ಗೀಕರಣದ ಒಂದು ಆಧಾರ. ತಿರುಗುಮುರುಗಾದ ಚಿತ್ರ ಅಲ್ಲಿ ನೇರವಾಗಿ ತಪ್ಪು ಮಾಹಿತಿಯಾಗುತ್ತದೆ. ಚಪ್ಪಟೆ ಸ್ಕ್ಯಾನರಿನಿಂದಲೂ ಬಿಂಬ ಪಡೆಯಬಹುದಾದರೂ ಬೆಳಕಿನ ದಿಕ್ಕನ್ನು ಬದಲಿಸಲಾಗದ ಕಾರಣ ಫಲಿತಾಂಶ ನಿರ್ಜೀವವಾಗಿರುತ್ತದೆ.

ಸ್ಥಿರತೆ ಮತ್ತು ಸಮಾಂತರತೆ

ಕೈಯಲ್ಲಿ ಹಿಡಿದು ತೆಗೆದ ಚಿತ್ರ ಎಷ್ಟೇ ಎಚ್ಚರ ವಹಿಸಿದರೂ ಅಲುಗಿರುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಒಂದೇ ಎತ್ತರದ ಎರಡು ಪುಸ್ತಕರಾಶಿಗಳ ಮೇಲೆ ಮರದ ಅಡಿಕೋಲನ್ನೋ ಗಾಜಿನ ಪಟ್ಟಿಯನ್ನೋ ಸೇತುವೆಯಂತೆ ಇಟ್ಟು, ಫೋನಿನ ಕ್ಯಾಮೆರಾ ಅಂಚಿನಿಂದ ಹೊರಚಾಚುವಂತೆ ಮಲಗಿಸಬಹುದು. ಗುಂಡಿ ಒತ್ತುವಾಗಿನ ಅಲುಗಾಟ ತಪ್ಪಿಸಲು ಎರಡು ಸೆಕೆಂಡಿನ ಟೈಮರ್ ಬಳಸಬೇಕು. ಐಎಸ್ಒ ಮೌಲ್ಯವನ್ನು 100ರ ಆಸುಪಾಸಿನಲ್ಲಿಟ್ಟರೆ ಚಿತ್ರದಲ್ಲಿ ಕಾಳುಕಾಳಾದ ಕಲಬೆರಕೆ ಕಾಣದು. ಎಕ್ಸ್‌ಪೋಷರ್ ಒಂದು ಸೆಕೆಂಡಾದರೂ ನಿಶ್ಚಲವಾದ ನಾಣ್ಯಕ್ಕೆ ಬಾಧಕವಿಲ್ಲ.

ಕ್ಯಾಮೆರಾ ಮತ್ತು ನಾಣ್ಯ ಸಮಾಂತರವಾಗಿಲ್ಲದಿದ್ದರೆ ದುಂಡಗಿನ ನಾಣ್ಯ ಮೊಟ್ಟೆಯಾಕಾರ ತಾಳುತ್ತದೆ, ಒಂದು ಅಂಚು ಮಸುಕಾಗುತ್ತದೆ. ಇದನ್ನು ಸರಿಪಡಿಸಲು ಸುಲಭೋಪಾಯವೊಂದಿದೆ. ನಾಣ್ಯವಿಡುವ ಜಾಗದಲ್ಲಿ ಮೊದಲು ಚಿಕ್ಕ ಮುಖಗನ್ನಡಿಯನ್ನು ಮಲಗಿಸಿ, ಕ್ಯಾಮೆರಾದ ಪರದೆಯನ್ನು ನೋಡಬೇಕು. ಮಸೂರದ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬರುವವರೆಗೆ ಕ್ಯಾಮೆರಾವನ್ನು ಹೊಂದಿಸಿ, ಆಮೇಲೆ ಕನ್ನಡಿ ತೆಗೆದು ನಾಣ್ಯವಿಟ್ಟರೆ ಎರಡೂ ಸಮಾಂತರವಾಗಿರುತ್ತವೆ. ಮಟ್ಟಗೋಲಿಗಿಂತ ಇದು ಹೆಚ್ಚು ವಿಶ್ವಾಸಾರ್ಹ.

ಎಕ್ಸ್‌ಪೋಷರ್ ಮತ್ತು ಬಣ್ಣ

ಕ್ಯಾಮೆರಾವು ತನ್ನ ಮುಂದಿರುವುದೆಲ್ಲ ಸರಾಸರಿಯಲ್ಲಿ ನಡುಬೂದು ಬಣ್ಣದ್ದೆಂದು ಎಣಿಸಿ ಬೆಳಕನ್ನು ಅಳೆಯುತ್ತದೆ. ಬಿಳಿಯ ಕಾಗದದ ಮೇಲಿಟ್ಟ ನಾಣ್ಯ ಕಪ್ಪಾಗುವುದೂ, ಕಪ್ಪು ಬಟ್ಟೆಯ ಮೇಲಿಟ್ಟದ್ದು ಸುಟ್ಟಂತೆ ಬೆಳ್ಳಗಾಗುವುದೂ ಈ ಕಾರಣಕ್ಕೆ. ಬೂದುಬಣ್ಣದ, ನಯವಾದ ಕಾಗದವನ್ನು ಹಿನ್ನೆಲೆಯಾಗಿಸಿದರೆ ಈ ತೊಡಕು ಬಹುಪಾಲು ತಪ್ಪುತ್ತದೆ. ಮಖಮಲ್ಲಿನ ಬಟ್ಟೆ ಚೆನ್ನಾಗಿ ಕಾಣುತ್ತದಾದರೂ ಅದರ ಎಳೆ ಮತ್ತು ಧೂಳು ನಾಣ್ಯಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತವೆ.

ಬಣ್ಣ ಕೆಡುವುದು ಸಾಮಾನ್ಯವಾಗಿ ಬೆರಕೆ ಬೆಳಕಿನಿಂದ. ಕಿಟಕಿಯ ಬೆಳಕಿನ ಜೊತೆಗೆ ಕೋಣೆಯ ಹಳದಿ ದೀಪವೂ ಉರಿಯುತ್ತಿದ್ದರೆ ಬೆಳ್ಳಿಯ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಆಗುತ್ತದೆ. ಅದನ್ನು ಯಾವ ತಂತ್ರಾಂಶವೂ ಪೂರ್ತಿ ಸರಿಪಡಿಸಲಾರದು. ಒಂದೇ ಬಗೆಯ ಬೆಳಕನ್ನು ಇಟ್ಟುಕೊಂಡು, ಬಿಳಿ ಕಾಗದವನ್ನು ತೋರಿಸಿ ವೈಟ್ ಬ್ಯಾಲೆನ್ಸ್ ನಿಗದಿಮಾಡಬೇಕು. ಹೊರ ಉಂಗುರ ಹಳದಿಯೂ ಒಳವೃತ್ತ ಬಿಳಿಯೂ ಆಗಿರುವ ಹತ್ತು ರೂಪಾಯಿ ನಾಣ್ಯವನ್ನು ಮೊದಲು ತೆಗೆದು ನೋಡಿದರೆ ಬಣ್ಣ ಸರಿಯಾಗಿದೆಯೇ ಎಂಬುದು ತಿಳಿದುಬರುತ್ತದೆ. ಅದೇ ನಾಣ್ಯ ಸ್ಪಷ್ಟತೆಯ ಪರೀಕ್ಷೆಗೂ ಆದೀತು. ಇಸವಿಯ ಕೆಳಗಿರುವ ಟಂಕಸಾಲೆಯ ಗುರುತು, ಎಂದರೆ ಮುಂಬಯಿಯ ವಜ್ರಾಕೃತಿ, ಹೈದರಾಬಾದಿನ ನಕ್ಷತ್ರ ಅಥವಾ ನೋಯ್ಡಾದ ಚುಕ್ಕೆ, ಚಿತ್ರದಲ್ಲಿ ಬೇರೆ ಬೇರೆಯಾಗಿ ಕಾಣಬೇಕು. ಕೋಲ್ಕತ್ತಾದ ನಾಣ್ಯಗಳಿಗೆ ಗುರುತಿಲ್ಲವಾದ್ದರಿಂದ, ಮಸುಕಾದ ಚಿತ್ರದಲ್ಲಿ ಎಲ್ಲ ನಾಣ್ಯಗಳೂ ಕೋಲ್ಕತ್ತಾದವೇ ಆಗಿಬಿಡುತ್ತವೆ.

ನಾಣ್ಯವನ್ನು ತೊಳೆಯದಿರುವುದು

ಚಿತ್ರ ಚೆನ್ನಾಗಿ ಬರಲೆಂದು ನಾಣ್ಯವನ್ನು ಉಜ್ಜಿ ಬೆಳಗುವುದು ಈ ಹವ್ಯಾಸದಲ್ಲಿ ಆಗುವ ಅತಿ ದೊಡ್ಡ ಹಾನಿ. ಹಿತ್ತಾಳೆಯ ಪಾತ್ರೆಗೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ತಿಕ್ಕುವುದು ನಮ್ಮ ಮನೆಗಳ ರೂಢಿ. ಅದೇ ಉಪಚಾರ ಹಳೆಯ ತಾಮ್ರದ ಕಾಸಿಗೂ ಆಗುತ್ತದೆ. ತಾಮ್ರದ ಮೇಲೆ ದಶಕಗಳ ಕಾಲ ಕೂಡಿದ ಕಂದು ಪದರವು ಕೊಳೆಯಲ್ಲ. ಅದು ಲೋಹದ ಮೇಲ್ಮೈಯೇ ಬದಲಾಗಿ ಆದ ಗಟ್ಟಿ ಪದರ. ಒಳಗಿನ ಲೋಹವನ್ನು ಕಾಪಾಡುತ್ತದೆ, ಅಕ್ಷರದ ಅಂಚುಗಳನ್ನೂ ಉಳಿಸಿಕೊಂಡಿರುತ್ತದೆ. ಹುಣಸೆಯ ಆಮ್ಲ ಅದನ್ನು ಕರಗಿಸುತ್ತದೆ, ಬೂದಿಯ ಕಣಗಳು ಕೂದಲೆಳೆಯಂಥ ಗೀರುಗಳನ್ನು ಬಿಡುತ್ತವೆ. ಹಾಗೆ ಬೆಳಗಿದ ನಾಣ್ಯ ಕೆಲವು ದಿನ ಹೊಸ ಕೊಡದಂತೆ ಹೊಳೆಯುತ್ತದೆ, ಆಮೇಲೆ ಮಚ್ಚೆಮಚ್ಚೆಯಾಗಿ ಕಪ್ಪಾಗುತ್ತದೆ. ಸಂಗ್ರಾಹಕರ ದೃಷ್ಟಿಯಲ್ಲಿ ಅದರ ಬೆಲೆ ಕುಸಿಯುತ್ತದೆ. ಅಧ್ಯಯನದ ದೃಷ್ಟಿಯಲ್ಲಿ ಆದ ನಷ್ಟಕ್ಕೆ ಪರಿಹಾರವಿಲ್ಲ.

ಮೃದುವಾದ ಕುಂಚದಿಂದ ಅಥವಾ ಗಾಳಿ ಊದುವ ರಬ್ಬರ್ ಬುರುಡೆಯಿಂದ ಸಡಿಲ ಧೂಳನ್ನು ಕೊಡವುದಷ್ಟೇ ಮಾಡಬಹುದಾದ ಕೆಲಸ. ಬಾಯಿಂದ ಊದಬಾರದು, ಎಂಜಲಿನ ತುಂತುರು ಕಲೆಯಾಗಿ ಉಳಿಯುತ್ತದೆ. ಹಸಿರು ಕಿಲುಬು ಪುಡಿಯಾಗಿ ಉದುರುತ್ತಿದ್ದರೆ ಅದನ್ನು ಪರಿಣತರಿಗೆ ತೋರಿಸಬೇಕು. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಬೇಕು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಬೇಕು. ಪಿವಿಸಿ ಪ್ಲಾಸ್ಟಿಕ್ಕಿನ ಲಕೋಟೆಗಳು ಕಾಲಕ್ರಮದಲ್ಲಿ ತಾಮ್ರ ಮತ್ತು ಬೆಳ್ಳಿಯ ಮೇಲೆ ಹಸಿರು ಜಿಗುಟನ್ನು ಬಿಡುತ್ತವೆ; ಚಿತ್ರ ತೆಗೆಯಲು ಹೊರತೆಗೆದ ನಾಣ್ಯವನ್ನು ಮರಳಿ ಅವುಗಳಲ್ಲಿಡದಿರುವುದು ಒಳಿತು.

ದಾಖಲೆ

ಎರಡೂ ಮುಖಗಳನ್ನು ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ತೆಗೆಯಬೇಕು. ಪಕ್ಕದಲ್ಲಿ ಮಿಲಿಮೀಟರ್ ಅಳತೆಪಟ್ಟಿ ಇರಿಸಿದ ಒಂದು ಚಿತ್ರವಾದರೂ ಇರಲಿ. ಅಳತೆಪಟ್ಟಿಯ ಎತ್ತರ ನಾಣ್ಯದ ಮೇಲ್ಮೈಗೆ ಸರಿಸಮವಾಗಿದ್ದರೆ ಮಾತ್ರ ಅಳತೆ ನಿಜವಾಗಿರುತ್ತದೆ. ಅಂಚಿನ ಚಿತ್ರವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಎರಕ ಹೊಯ್ದ ನಕಲಿಗಳಲ್ಲಿ ಅಚ್ಚಿನ ಕೂಡುಗೆರೆ ಕಾಣಸಿಗುವುದು ಅಲ್ಲೇ. ತೂಕವನ್ನು ಗ್ರಾಮಿನ ನೂರನೆಯ ಭಾಗದವರೆಗೆ, ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆದಿಡಬೇಕು. ಮುಂಬದಿ ನೇರವಾಗಿರುವಾಗ ಹಿಂಬದಿಯ ತಲೆ ಯಾವ ಕಡೆಗಿದೆ ಎಂಬುದನ್ನು ಗಡಿಯಾರದ ಗಂಟೆಗಳಲ್ಲಿ, 12 ಅಥವಾ 6 ಎಂಬಂತೆ, ಸೂಚಿಸುವುದು ನಾಣ್ಯಶಾಸ್ತ್ರದ ಪದ್ಧತಿ.

ವಿವರಗಳು ಎಷ್ಟು ಚಿಕ್ಕವಾಗಿರಬಹುದು ಎಂಬುದಕ್ಕೆ 1862ರ ಬೆಳ್ಳಿ ರೂಪಾಯಿ ಉತ್ತಮ ನಿದರ್ಶನ. ಅದೇ ಇಸವಿಯನ್ನು ಹೊತ್ತ ರೂಪಾಯಿಗಳು ಮುಂದೆ ಹಲವು ವರ್ಷ ಅಚ್ಚಾದವು. ಅವುಗಳ ಪ್ರಭೇದಗಳನ್ನು ಸಂಗ್ರಾಹಕರು ಗುರುತಿಸುವುದು ಹಿಂಬದಿಯ ಸಣ್ಣ ಚುಕ್ಕೆಗಳ ಎಣಿಕೆಯಿಂದ. ಧೂಳಿನ ಕಣವೂ ಅಲ್ಲಿ ಚುಕ್ಕೆಯಾಗಿ ಎಣಿಕೆಗೆ ಸೇರೀತು.

ತಿದ್ದುವಿಕೆ

ಚಿತ್ರವನ್ನು ನೇರಗೊಳಿಸುವುದು, ಕತ್ತರಿಸುವುದು, ಒಟ್ಟಾರೆ ಬೆಳಕನ್ನೂ ಬಣ್ಣವನ್ನೂ ಮೂಲಕ್ಕೆ ಹೊಂದಿಸುವುದು ಒಪ್ಪತಕ್ಕವು. ಗೀರು, ಕಲೆ, ತೂತುಗಳನ್ನು ಅಳಿಸುವುದು ಸಲ್ಲದು. ಆಭರಣವಾಗಿ ಧರಿಸಲು ಕೊರೆದ ತೂತು ಸಹ ಆ ನಾಣ್ಯದ ಚರಿತ್ರೆಯ ಭಾಗವೇ. ಫೋನಿನ ಕೃತಕ ಬುದ್ಧಿಮತ್ತೆಯ ಸೌಲಭ್ಯಗಳು ಮಸುಕಾದ ಅಕ್ಷರವನ್ನು ‘ಸ್ಪಷ್ಟಗೊಳಿಸುವಾಗ’ ಇಲ್ಲದ ಗೆರೆಗಳನ್ನು ಊಹಿಸಿ ಸೇರಿಸಬಹುದಾದ್ದರಿಂದ ಅವುಗಳನ್ನು ಆರಿಸಿಡಬೇಕು. ತಿದ್ದದ ಮೂಲ ಕಡತವನ್ನು ಬೇರೆಯಾಗಿ ಉಳಿಸಬೇಕು.

ಕಾನೂನು

ಭಾರತದಲ್ಲಿ ನೆಲದಲ್ಲಿ ಹೂತು ಸಿಕ್ಕ ನಾಣ್ಯಗಳಿಗೆ 1878ರ ನಿಧಿ ಕಾಯ್ದೆ ಅನ್ವಯಿಸುತ್ತದೆ. ಹತ್ತು ರೂಪಾಯಿಗಿಂತ ಹೆಚ್ಚು ಮೌಲ್ಯದ ನಿಧಿ ಸಿಕ್ಕಿದವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಇಂಥ ಸಂದರ್ಭದಲ್ಲಿ ನಾಣ್ಯಗಳು ಸಿಕ್ಕ ಸ್ಥಿತಿಯಲ್ಲೇ, ಮಡಕೆ ಮಣ್ಣುಗಳ ಸಮೇತ, ಮುಟ್ಟುವ ಮೊದಲೇ ತೆಗೆದ ಚಿತ್ರ ಬಹಳ ಉಪಯುಕ್ತ. ನೂರು ವರ್ಷಕ್ಕಿಂತ ಹಳೆಯ ನಾಣ್ಯಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪುರಾವಸ್ತುಗಳ ವ್ಯಾಖ್ಯೆಗೆ ಒಳಪಡುತ್ತವೆ. ಖಾಸಗಿ ವ್ಯಕ್ತಿಗಳು ಅವುಗಳನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಹೊರದೇಶದ ವಿದ್ವಾಂಸರ ಅಭಿಪ್ರಾಯ ಬೇಕಾದಾಗ ನಾಣ್ಯದ ಬದಲಿಗೆ ಕಳುಹಿಸಬಹುದಾದದ್ದು ಅದರ ಚಿತ್ರ, ತೂಕ ಮತ್ತು ಅಳತೆಗಳನ್ನು ಮಾತ್ರ.